‘ಕಾಲಕ್ರಮೇಣ’ ಮಾಡಿದ್ದು ಯಾರು?

ಆತ್ಮೀಯರೇ,

‘ಕಲ್ಲು ಮಣ್ಣಾಗುವ ಕಥೆ’ ಎಂಬ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ವಿಷಯದ ಆಯ್ಕೆ ಚೆನ್ನಾಗಿದೆ, ಕುಮಟೆಯ ನಿಮ್ಮ ಹಿತ್ತಿಲಿನ ಬಾವಿಯ ಬಗೆಗೆ ನಡುವೆ ಬರುವ ಒಂದೂವರೆ ಸಾಲು ನನಗೆ ನಿಜವಾಗಿಯೂ ಹಿಡಿಸಿತು. ಹೊಗಳಿಕೆ ಇಷ್ಟೇ. ಎರಡನೆಯ ಸಲ ಓದುವಾಗ ಕೆಂಪು ಪೆನ್ನು ಹಿಡಿದು ‘ಕಾಲಕ್ರಮೇಣ’ ಎಂಬ ಪದ ಬಂದಲ್ಲೆಲ್ಲ ಸುತ್ತು ಹಾಕುತ್ತ ಹೋದೆ, ಹನ್ನೊಂದು ಸುತ್ತುಗಳಾದವು. ಉಳಿದ ಸಣ್ಣಪುಟ್ಟ ತಪ್ಪುಗಳನ್ನು ನಾವೇ ತಿದ್ದಿಕೊಳ್ಳುತ್ತೇವೆ. ಈ ಪದದ ಬಗೆಗೆ, ಜೊತೆಗೆ ‘ಬೂದಿ’ ಎಂಬ ಇನ್ನೊಂದು ಪದದ ಬಗೆಗೆ, ನಿಮ್ಮೊಡನೆ ಜಗಳವಾಡದೆ ನನಗೆ ಸಮಾಧಾನವಿಲ್ಲ.

ನಿಮ್ಮ ಮೊದಲ ವಾಕ್ಯ: ‘ಬಂಡೆಗಳು ಮಳೆ–ಬಿಸಿಲಿಗೆ ಸಿಕ್ಕಿ ಕಾಲಕ್ರಮೇಣ ಮಣ್ಣಾಗುತ್ತವೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ಓದುಗನಿಗೆ ಸಿಕ್ಕಿದ್ದೂ ಏನಿಲ್ಲ. ಕಾಲ ಯಾವ ಕಲ್ಲನ್ನೂ ಕರಗಿಸುವುದಿಲ್ಲ. ಕರಗಿಸುವುದು ನೀರು, ಅದೂ ಬರಿಯ ನೀರಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಕಾರ್ಬಾನಿಕ್ ಆಮ್ಲವಾಗಿರುವ ನೀರು. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ನೆಲದೊಳಗಿನ ಗಾಳಿಯಲ್ಲಿ ಆ ಅನಿಲ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುವುದರಿಂದ, ಮಣ್ಣಿಗಿಳಿದ ಮೇಲೆ ಅದೇ ಮಳೆನೀರು ಇನ್ನಷ್ಟು ಹುಳಿಯಾಗುತ್ತದೆ. ಅದು ಗ್ರಾನೈಟಿನ ಮುಖ್ಯ ಖನಿಜವಾದ ಫೆಲ್ಡ್‌ಸ್ಪಾರಿಗೆ ತಾಗಿದಾಗ ಪೊಟ್ಯಾಷ್, ಸೋಡಿಯಂ, ಸುಣ್ಣದಂಥವು ನೀರಿಗಿಳಿದು ಹಳ್ಳ ಹಿಡಿದು ಹೋಗುತ್ತವೆ, ಸಿಲಿಕಾದ ಒಂದು ಪಾಲೂ ಅವುಗಳ ಬೆನ್ನಿಗೆ ಹೋಗುತ್ತದೆ, ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕಾ ಸೇರಿ ಕೆಯೊಲಿನೈಟ್ ಎಂಬ ಬಿಳಿಯ ಜೇಡಿಯಾಗುತ್ತದೆ. ಎಲ್ಲ ಖನಿಜವೂ ಒಂದೇ ವೇಗದಲ್ಲಿ ಸೋಲುವುದಿಲ್ಲ ಎಂಬುದನ್ನು 1938ರಲ್ಲಿ ಗೋಲ್ಡಿಚ್ ಎಂಬ ಭೂವಿಜ್ಞಾನಿ ಕ್ರಮವಾಗಿ ತೋರಿಸಿಕೊಟ್ಟರು: ಆಲಿವಿನ್ ಎಂಬ ಹಸಿರು ಖನಿಜ ಮೊದಲು ಹೋಗುತ್ತದೆ, ಬೆಣಚು ಕೊನೆಯವರೆಗೆ ಉಳಿಯುತ್ತದೆ. ಕಾರವಾರದ ಕಡಲ ತೀರದಲ್ಲಿ ಕಾಲಿಗಂಟುವ ಮರಳು ಹೀಗೆ ಸೋಲದೆ ಉಳಿದವರ ಗುಂಪು.

ಎರಡನೆಯ ಸುತ್ತು: ‘ಕಾಲಕ್ರಮೇಣ ಈ ಮಣ್ಣು ಕೆಂಪು ಬಣ್ಣಕ್ಕೆ ತಿರುಗುತ್ತದೆ.’ ಹಾಗಾದರೆ ಬೆಳಗಾವಿಯ ಕಪ್ಪು ಎರೆಮಣ್ಣು ಯಾಕೆ ತಿರುಗಲಿಲ್ಲ? ಅದರ ಕೆಳಗಿರುವುದು 6.6 ಕೋಟಿ ವರ್ಷಗಳಷ್ಟು ಹಳೆಯ ಬಸಾಲ್ಟ್, ಲಾವಾ ತಣಿದು ಆದ ಕಲ್ಲು. ಅದೇ ಬಸಾಲ್ಟಿನ ಮೇಲೆ, ಮಳೆ ಅಬ್ಬರಿಸುವ ಮಹಾಬಳೇಶ್ವರದ ನೆತ್ತಿಯಲ್ಲಿ, ಕೆಂಪು ಜಂಬಿಟ್ಟಿಗೆಯ ಹಾಸಿದೆ. ಮಳೆ ಕಡಿಮೆಯಿರುವಲ್ಲಿ ಸಿಲಿಕಾವೂ ಸುಣ್ಣವೂ ಅಲ್ಲಿಯೇ ಉಳಿದು, ನೀರು ಕುಡಿದರೆ ಉಬ್ಬಿ ಒಣಗಿದರೆ ಬಿರಿಯುವ ಜೇಡಿಯಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಹೊಯ್ಯುವ ನಮ್ಮಂಥ ಕಡೆ ಸಿಲಿಕಾ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಮಾತ್ರ ಹಿಂದೆ ಬೀಳುತ್ತವೆ. ಕೆಂಪು ಎಂದರೆ ಆ ಕಬ್ಬಿಣ.

ಈ ಪದದ ಮೇಲೆ ನನಗಿಷ್ಟು ಸಿಟ್ಟು ಯಾಕೆಂದು ಹೇಳಿಬಿಡುತ್ತೇನೆ. ನಾನು ಕಾರವಾರದ ಒಂದು ವಾರಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವವರ ಪಕ್ಕ ಕುಳಿತು ಕೆಲಸ ಕಲಿತವನು. ಅಲ್ಲಿಯ ಹಿರಿಯರೊಬ್ಬರಿಗೆ ಕರ್ತೃವಿಲ್ಲದ ವಾಕ್ಯ ಕಂಡರೆ ಆಗುತ್ತಿರಲಿಲ್ಲ. ‘ಮಳೆಗಾಲದಲ್ಲಿ ಬಾವಿಯ ದಂಡೆ ಕಾಲಕ್ರಮೇಣ ಸಡಿಲಗೊಂಡು ಕುಸಿಯಿತು’ ಎಂದು ನಾನು ಬರೆದ ಸುದ್ದಿಯನ್ನು ಅವರು ಮೇಜಿನ ಮೇಲಿಟ್ಟು, ‘ಈ ಕಾಲಕ್ರಮೇಣ ಯಾರ ಮಗ ತಮ್ಮಾ? ಅವನನ್ನು ಕಂಡು ಮಾತಾಡಿಸಿಕೊಂಡು ಬಾ’ ಎಂದರು. ಮುಖ ಕೆಂಪಗೆ ಮಾಡಿಕೊಂಡೇ ಬಸ್ಸು ಹತ್ತಿದೆ. ಆ ಊರಿನಲ್ಲಿ ಮತ್ತೊಂದು ಬಾವಿ ತೋಡುತ್ತಿದ್ದರು. ತೋಡುವವರು ಹಗ್ಗ ಕೊಟ್ಟು ನನ್ನನ್ನೂ ಒಳಗಿಳಿಸಿದರು. ಮೇಲೆ ಪಿಕಾಸಿಗೆ ಕಚ್ಚಿಕೊಂಡು ಬರುವ ಚಿರೆಕಲ್ಲು, ಎಂದರೆ ಅದೇ ಜಂಬಿಟ್ಟಿಗೆ, ಅದರ ಕೆಳಗೆ ಹಳದಿ, ಕೆಂಪು, ಬಿಳಿ ಕಲಸಿದ ಮೆತ್ತನೆಯ ಪದರ, ಅದಕ್ಕೂ ಕೆಳಗೆ ಅಂಗೈಗೆ ಬೆಣ್ಣೆಯಂತೆ ಅಂಟುವ, ಶೇಡಿ ಎಂಬ ಬಿಳಿಯ ಜೇಡಿ. ‘ಚಿರೆ ಇರೋವರೆಗೆ ಹೆದರಿಕೆ ಇಲ್ಲ, ಶೇಡಿ ನೀರು ಕುಡೀತು ಅಂದ್ರೆ ಗಂಜಿ’ ಎಂದರು ಅವರು. ದಂಡೆಯನ್ನು ಕೆಡವಿದವನು ನನಗೆ ಆ ಹೊತ್ತಿಗೆ ಸಿಕ್ಕಿದ.

ಆ ಬಾವಿಯ ಗೋಡೆಯೇ ನಿಮ್ಮ ಲೇಖನ. ನೀರಿನ ಮಟ್ಟ ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ನೀರು ನಿಂತು ಗಾಳಿಯಾಡದಾಗ ಕಬ್ಬಿಣ ಕರಗಿ ಚಲಿಸುತ್ತದೆ, ಗಾಳಿ ತಾಗಿದಲ್ಲಿ ತುಕ್ಕಾಗಿ ಕೂರುತ್ತದೆ. ಕಬ್ಬಿಣ ಬಿಟ್ಟುಹೋದ ಜಾಗ ಶೇಡಿ, ಬಂದು ಕೂತ ಜಾಗ ಚಿರೆ. 1800–01ರಲ್ಲಿ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಂದೊಡನೆ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನಲ್ಲಿ ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ನಮ್ಮವರು ‘ಜಂಬಿಟ್ಟಿಗೆ’ ಎಂದಾಗಲೂ ಕಂಡದ್ದು ಇಟ್ಟಿಗೆಯನ್ನೇ.

ಈಗ ಬೂದಿಗೆ ಬರುತ್ತೇನೆ. ‘ಅಜ್ಜಿ ತೋಟಕ್ಕೆ ಎರಚುವ ಒಲೆಯ ಬೂದಿಯಂತೆ ಜ್ವಾಲಾಮುಖಿಯ ಬೂದಿಯೂ ಕಾಲಕ್ರಮೇಣ ಮಣ್ಣಿಗೆ ಸತ್ವ ಕೊಡುತ್ತದೆ, ಶಿರಸಿಯ ಕೆಮ್ಮಣ್ಣೂ ಪ್ರಾಚೀನ ಬೂದಿಯ ಕೊಡುಗೆಯೇ ಇರಬೇಕು’ ಎಂದಿದ್ದೀರಿ. ಇಲ್ಲಿ ಪೆನ್ನು ಕಾಗದವನ್ನೇ ಹರಿಯಿತು. ಒಲೆಯ ಬೂದಿ ಸುಟ್ಟು ಉಳಿದದ್ದು, ಪೊಟ್ಯಾಷ್ ಮತ್ತು ಸುಣ್ಣದ ಕ್ಷಾರ. ಹಾಕಿದೊಡನೆ ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಜ್ವಾಲಾಮುಖಿಯಲ್ಲಿ ಸುಟ್ಟದ್ದು ಏನೂ ಇಲ್ಲ. ಕರಗಿದ ಶಿಲೆಯೊಳಗಿನ ಅನಿಲ ಹಿಗ್ಗಿ ಸಿಡಿದಾಗ ಚೂರುಚೂರಾಗಿ ಥಟ್ಟನೆ ತಣಿದ ಗಾಜಿನ ಹುಡಿಯನ್ನು ನಾವು ಬೂದಿ ಎನ್ನುತ್ತೇವೆ, ಪದ ಬೇರೆ ಇಲ್ಲದ್ದಕ್ಕೆ. 1982ರಲ್ಲಿ ಜಾವಾದ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಮೋಡಕ್ಕೆ ಸಿಕ್ಕ ವಿಮಾನವೊಂದರ ನಾಲ್ಕೂ ಎಂಜಿನ್ ನಿಂತುಹೋಗಿದ್ದವು; ಗಾಜು ಒಳಗೆ ಕರಗಿ ಮೆತ್ತಿಕೊಂಡಿತ್ತು. ಅಜ್ಜಿಯ ಬೂದಿಗೆ ಆ ಗುಣವಿಲ್ಲ.

ಗಾಜಿನಲ್ಲಿ ಹರಳಿನ ಕಟ್ಟು ಇಲ್ಲದಿರುವುದರಿಂದ ಅದು ಫೆಲ್ಡ್‌ಸ್ಪಾರಿಗಿಂತ ಬಹಳ ಬೇಗ ಬಿಚ್ಚಿಕೊಳ್ಳುತ್ತದೆ. ಬಿಡುಗಡೆಯಾದ ಅಲ್ಯೂಮಿನಿಯಂ ಮತ್ತು ಸಿಲಿಕಾ ಹರಳಾಗಲು ಪುರಸೊತ್ತಿಲ್ಲದೆ ಅಲೊಫೇನ್ ಎಂಬ ಅತಿಸಣ್ಣ ಟೊಳ್ಳು ಗುಂಡುಗಳಾಗುತ್ತವೆ. ಅಂಥ ಮಣ್ಣು ಹಗುರ. ಮುಟ್ಟಿದರೆ ಒಣಗಿದಂತಿರುತ್ತದೆ, ಮುಷ್ಟಿಯಲ್ಲಿ ಹಿಸುಕಿದರೆ ನೀರು ಜಿನುಗುತ್ತದೆ. ಕೊಳೆತ ಎಲೆಯ ಸಾರವನ್ನು ಅಲ್ಯೂಮಿನಿಯಂ ಬಿಗಿಯಾಗಿ ಹಿಡಿದಿಡುವುದರಿಂದ ಬಣ್ಣ ಕಪ್ಪು. ಜಪಾನಿನವರ ‘ಆಂದೊ’ ಎಂಬ ಹೆಸರಿನ ಅರ್ಥವೇ ಕಪ್ಪು ಮಣ್ಣು. ಕೆಮ್ಮಣ್ಣಲ್ಲ! ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ತೋಬಾ ಸಿಡಿದಾಗ ಅದರ ಬೂದಿ ಭಾರತದವರೆಗೂ ಬಂತು, ನಿಜ. ಆಂಧ್ರದ ಜ್ವಾಲಾಪುರಂನಲ್ಲಿ ಅದರ ಪದರ ಇಂದಿಗೂ ಕಾಣುತ್ತದೆ. ಶಿರಸಿಯ ಕೆಂಪಿಗೆ ಅದು ಕಾರಣವಲ್ಲ. ನೀವು ಬರೆದ ‘ಇರಬೇಕು’ ಎಂಬುದನ್ನು ತೆಗೆಯಿರಿ.

ಅದರ ಜಾಗದಲ್ಲಿ, ನೀವು ಕೈತಪ್ಪಿಸಿಕೊಂಡ ನಿಜವಾದ ನಂಟನ್ನು ಇಡಿ. ಜಾವಾದ ಅಲೊಫೇನೂ ನಮ್ಮ ಚಿರೆಯ ಕಬ್ಬಿಣವೂ ಗಿಡಕ್ಕೆ ಬೇಕಾದ ರಂಜಕವನ್ನು (ಫಾಸ್ಫರಸ್) ಬಿಗಿಹಿಡಿದು ಬೇರಿಗೆ ಕೊಡದಿರುವುದರಲ್ಲಿ ಒಂದೇ ಜಾತಿ. ಶಿರಸಿಯ ತೋಟಿಗರು ಬೆಟ್ಟದ ಸೊಪ್ಪನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಿಕೆಯ ಬುಡಕ್ಕೆ ಹಾಕುವುದರಲ್ಲಿ ಈ ಕಬ್ಬಿಣದ ಜೊತೆಗಿನ ಚೌಕಾಸಿಯೂ ಇದೆ: ಸೊಪ್ಪು ಕೊಳೆತು ಬರುವ ಆಮ್ಲಗಳು ಕಬ್ಬಿಣದ ಮೈಯನ್ನು ತಾವು ಆವರಿಸಿ, ಒಂದಿಷ್ಟು ರಂಜಕವನ್ನು ಬೇರಿಗೆ ಬಿಡಿಸಿಕೊಡುತ್ತವೆ.

ಹನ್ನೊಂದು ಸುತ್ತುಗಳಿರುವ ಪ್ರತಿಯನ್ನು ಇದರೊಂದಿಗೆ ಮರಳಿಸಿದ್ದೇನೆ. ಬಾವಿಯ ಒಂದೂವರೆ ಸಾಲನ್ನು ಎರಡು ಪುಟ ಮಾಡಿ. ಮಳೆ ಹಿಡಿಯುವ ಮೊದಲೇ ಇಳಿದು ನೋಡಿ, ಯಾವ ಪದರ ಎಷ್ಟು ಮೊಳವಿದೆ ಎಂದು ಅಳೆದು ಬರೆಯಿರಿ. ಒಬ್ಬರೇ ಇಳಿಯಬೇಡಿ.