ಲಾಟಿ ಡಾಡ್ ಗೆಲುವಿಗೆ ಬೆಲೆ ಎಷ್ಟು?

ಪತ್ರ: “ವಿಂಬಲ್ಡನ್ ಟೆನಿಸ್ ಸಿಂಗಲ್ಸ್ ಗೆದ್ದವರಲ್ಲಿ ಇಂಗ್ಲೆಂಡಿನ ಲಾಟಿ ಡಾಡ್ ಅತಿ ಕಿರಿಯಳು ಎಂದು ಬರೆದಿದ್ದೀರಿ. ಆ ದಾಖಲೆ ಮಾರ್ಟಿನಾ ಹಿಂಗಿಸ್‌ದಲ್ಲವೇ? ಅದಿರಲಿ, ಬೆರಳೆಣಿಕೆಯ ಹೆಂಗಸರು ಆಡುತ್ತಿದ್ದ ಕಾಲದ ಗೆಲುವನ್ನು ಇಷ್ಟು ಹೊಗಳಬೇಕೆ?”
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಹಿಂಗಿಸ್ 1996ರಲ್ಲಿ ಹೆಲೆನಾ ಸುಕೋವಾ ಜೊತೆ ಗೆದ್ದದ್ದು ಡಬಲ್ಸ್. ಆಗ ಆಕೆಗೆ 15 ವರ್ಷ 282 ದಿನ. ಲಾಟಿ 1887ರಲ್ಲಿ ಸಿಂಗಲ್ಸ್ ಗೆದ್ದಾಗ 15 ವರ್ಷ 285 ದಿನ. ಸಿಂಗಲ್ಸ್ ದಾಖಲೆ ಇಂದಿಗೂ ಲಾಟಿಯದೇ.

ತಮ್ಮ ಎರಡನೇ ಮಾತಿನಲ್ಲಿ ಸತ್ಯಾಂಶವಿದೆ. ಆಗ ಆಟಗಾರ್ತಿಯರು ಕಡಿಮೆ. ಹಿಂದಿನ ವರ್ಷ ಗೆದ್ದವರು ಕೊನೆಯ ಪಂದ್ಯವೊಂದನ್ನೇ ಆಡಿದರೆ ಸಾಕಿತ್ತು. ಆದರೆ ನೆಟ್‌ನ ಆಚೆ ನಿಂತಿದ್ದವರು ಯಾರೆಂದು ನೋಡಿ. ಬ್ಲಾಂಚ್ ಬಿಂಗ್ಲಿ, ಮದುವೆಯ ನಂತರ ಹಿಲಿಯರ್ಡ್. 1886ರಿಂದ 1900ರೊಳಗೆ ಆರು ಸಲ ವಿಂಬಲ್ಡನ್ ಗೆದ್ದಾಕೆ. ಅಂಥವರು ಅಂತಿಮ ಪಂದ್ಯದಲ್ಲಿ ಲಾಟಿಗೆ ಐದು ಸಲ ಎದುರಾಗಿ ಐದು ಸಲವೂ ಸೋತರು. ಮೊದಲ ಸಲ 6-2, 6-0. ಐದರಲ್ಲಿ ಅವರಿಗೆ ದಕ್ಕಿದ್ದು 1893ರ ಒಂದೇ ಒಂದು ಸೆಟ್. ಲಾಟಿ ಆಡದ 1889ರಲ್ಲಿ ಗೆದ್ದವರು ಬ್ಲಾಂಚ್. ಲಾಟಿ ಟೆನಿಸ್ ಬಿಟ್ಟ ಮರುವರ್ಷವೂ ಅವರೇ. ಎದುರಾಳಿ ದುರ್ಬಲಳು ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಉಡುಪಿನ ಮಾತೂ ಇದೆ. ದೊಡ್ಡ ಹೆಂಗಸರು ಸೊಂಟ ಬಿಗಿದ ಕಾರ್ಸೆಟ್, ನೆಲ ಗುಡಿಸುವ ಲಂಗ, ತಲೆಗೊಂದು ಹ್ಯಾಟು ಇಷ್ಟನ್ನೂ ಹೊತ್ತು ಓಡಬೇಕಿತ್ತು. ಲಾಟಿ ಇನ್ನೂ ಚಿಕ್ಕ ಹುಡುಗಿ, ಮೀನಖಂಡದವರೆಗಿನ ಲಂಗಕ್ಕೆ ಯಾರ ತಕರಾರೂ ನಡೆಯುತ್ತಿರಲಿಲ್ಲ. ಅದು ಅನುಕೂಲವೇ. ಆದರೆ ಉಳಿದವರು ಅಂಕಣದ ಹಿಂದಿನ ಗೆರೆ (ಬೇಸ್‌ಲೈನ್) ಬಿಡದೆ ಚೆಂಡು ದಾಟಿಸುತ್ತಿದ್ದಾಗ ಈ ಹುಡುಗಿ ನೆಟ್ ಹತ್ತಿರ ನುಗ್ಗಿ ಚೆಂಡು ನೆಲಕ್ಕೆ ಬೀಳುವ ಮೊದಲೇ ವಾಲಿ, ತಲೆಯ ಮೇಲಿಂದ ಸ್ಮ್ಯಾಶ್ ಹೊಡೆಯುತ್ತಿದ್ದಳು. ಆ ಧೈರ್ಯ ಗಿಡ್ಡ ಲಂಗದಿಂದ ಬಂದದ್ದಲ್ಲ. 1888ರಲ್ಲಿ ಎಕ್ಸ್‌ಮತ್‌ನಲ್ಲಿ ಆ ವರ್ಷದ ವಿಂಬಲ್ಡನ್ ಪುರುಷರ ಚಾಂಪಿಯನ್ ಅರ್ನೆಸ್ಟ್ ರೆನ್‌ಶಾ ವಿರುದ್ಧವೇ ಆಡಿದಳು. ಪ್ರತಿ ಗೇಮಿನ ಆರಂಭದಲ್ಲೇ ಆಕೆಗೆ 30-0, ಅಂದರೆ ಎರಡು ಪಾಯಿಂಟ್, ಮುನ್ನಡೆ ಬಿಟ್ಟುಕೊಟ್ಟಿದ್ದರು, ನಿಜ. ಮೊದಲ ಸೆಟ್ ಆಕೆಯದು. ಉಳಿದೆರಡನ್ನು 5-7, 5-7ರಲ್ಲಿ ಸೋತಳು.

ನನಗೆ ಬೆಲೆಯ ಪ್ರಶ್ನೆ ಏಳುವುದು ಬೇರೆ ಕಡೆ. ಅಪ್ಪ ಲಿವರ್‌ಪೂಲ್‌ನಲ್ಲಿ ಹತ್ತಿ ದಲ್ಲಾಳಿಯಾಗಿ ಚೆನ್ನಾಗಿ ಗಳಿಸಿದ್ದರು. ಚೆಷೈರ್‌ನ ಬೆಬಿಂಗ್ಟನ್‌ನ ಮನೆಯಲ್ಲೇ ಟೆನಿಸ್ ಕೋರ್ಟುಗಳು. ಮಕ್ಕಳು ದುಡಿಯಬೇಕಾದ ಅಗತ್ಯವೇ ಇರಲಿಲ್ಲ. ಅದೇ ಲಿವರ್‌ಪೂಲ್‌ನ ಕೂಲಿಕಾರರ ಮನೆಗಳಲ್ಲಿ ಇಂಥ ಕೈಚಳಕದ ಹುಡುಗಿಯರು ಎಷ್ಟು ಮಂದಿ ಇದ್ದರೋ! ರ‍್ಯಾಕೆಟ್ ಅವರ ಕೈಗೆ ಸಿಗಲಿಲ್ಲ.

ಆದರೂ ಸಿಕ್ಕ ಬಿಡುವನ್ನು ಲಾಟಿ ಹಾಳುಮಾಡಲಿಲ್ಲ. 21ನೇ ವಯಸ್ಸಿಗೇ ವಿಂಬಲ್ಡನ್ ಸಾಕೆಂದವಳು 1899ರಲ್ಲಿ ಇಂಗ್ಲೆಂಡ್ ಪರ ಹಾಕಿ ಆಡಿದಳು. 1904ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಬ್ರಿಟಿಷ್ ಮಹಿಳಾ ಗಾಲ್ಫ್ ಪಟ್ಟ ಗೆದ್ದಳು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆಗೆ ಬೆಳ್ಳಿ; ಅದೇ ಕೂಟದಲ್ಲಿ ಅಣ್ಣ ವಿಲಿಯಂಗೆ ಪುರುಷರ ವಿಭಾಗದ ಚಿನ್ನ. ಗಾಲ್ಫ್‌ನಲ್ಲೂ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಗಳು ಬೆರಳೆಣಿಕೆಯಷ್ಟಿರಲಿಲ್ಲ.