ಹಳ್ಳಿಯ ಸರ್ಕಾರಿ ಶಾಲೆ ಬಿಡಿಸಿ ಮಗುವನ್ನು ಕೋಲಾರದ ಕ್ರೈಸ್ತ ಕಾನ್ವೆಂಟಿಗೆ ಸೇರಿಸಬಹುದೇ?

ಸೇರಿಸಬಹುದು. ಆದರೆ ಫೀಸಿಗಿಂತ ಮೊದಲು ಮೀಸಲಾತಿ ನೋಡಿ. ಮುಂದೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಸಿಇಟಿಯ ಸೀಟುಗಳಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷದ ಓದು ಬೇಕು. ನಡುವೆ ಒಂದೇ ವರ್ಷ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೂ ಎರಡೂ ಕೈತಪ್ಪುತ್ತವೆ. ಅಡ್ಮಿಷನ್ ಮಾಡಿಸುವಾಗ ಇದನ್ನು ಯಾರೂ ನೆನಪಿಸುವುದಿಲ್ಲ, ಬಿಡಿ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಉಚಿತ ಸೀಟು ನಂಬಿಕೊಳ್ಳಬೇಡಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಶಾಲೆಗಳಿಗೆ ಅದು ಅನ್ವಯಿಸದು. ಬೈಬಲ್ ತರಗತಿಯ ಚಿಂತೆಯಿದ್ದರೆ, ಸಂವಿಧಾನದ 28(3)ನೇ ವಿಧಿ ಪ್ರಕಾರ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅರ್ಜಿಯ ಸಣ್ಣಕ್ಷರದಲ್ಲಿ ಆ ಒಪ್ಪಿಗೆ ಸೇರಿದೆಯೇ ಓದಿ ಸಹಿ ಹಾಕಿ. ಮಾನ್ಯತೆ ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ.