ಯಾವ ಪಕ್ಷಕ್ಕೂ ಸೇರದ ಅಮೆರಿಕದ ಮತದಾರರು ಮತ್ತು ಅವರ ದಿನಸಿ ಬಿಲ್ಲು

ಅಮೆರಿಕದ ರಾಜಕೀಯದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮೂರಕ್ಕೆ ಈ ಬಾರಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ದಾವಣಗೆರೆಯವನು. ಈಗ ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿ ಇದ್ದೇನೆ, ಇಲ್ಲಿನ ಪೌರತ್ವ ಸಿಕ್ಕಿದೆ. ಮತದಾರರ ನೋಂದಣಿ ಅರ್ಜಿಯಲ್ಲಿ ನಿಮ್ಮ ಪಕ್ಷ ಯಾವುದು ಅಂತ ಕೇಳಿದ್ದಾರೆ. ನನಗೆ ಎರಡೂ ಪಕ್ಷ ಪೂರ್ತಿ ಒಪ್ಪಿಗೆಯಿಲ್ಲ. 'ಅನ್‌ಅಫಿಲಿಯೇಟೆಡ್' (ಯಾವ ಪಕ್ಷಕ್ಕೂ ಸೇರಿಲ್ಲ) ಅಂತ ಬರೆದರೆ ನನ್ನ ವೋಟಿನ ಬೆಲೆ ಕಡಿಮೆಯಾಗುತ್ತದಾ ಸರ್?

ಉತ್ತರ: ನಿಮ್ಮ ರಾಜ್ಯದಲ್ಲಿ ಇಲ್ಲ, ಧೈರ್ಯವಾಗಿ ಬರೆಯಿರಿ. ನಾರ್ತ್ ಕೆರೊಲೈನಾದಲ್ಲಿ 2022ರಿಂದ ಅತಿ ದೊಡ್ಡ ಗುಂಪೇ ಅನ್‌ಅಫಿಲಿಯೇಟೆಡ್ ಮತದಾರರದ್ದು. ಪ್ರೈಮರಿ ಅಂದರೆ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸಲು ಮೊದಲು ನಡೆಸುವ ಚುನಾವಣೆ. ಆ ದಿನ ಮತಗಟ್ಟೆಗೆ ಹೋಗಿ ಎರಡರಲ್ಲಿ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು. ಎರಡನ್ನೂ ಕೊಡುವುದಿಲ್ಲ, ಅಷ್ಟೇ.

ಇದೇ ಮಾತನ್ನು ಫ್ಲೋರಿಡಾ, ಪೆನ್ಸಿಲ್ವೇನಿಯಾ ಅಥವಾ ನ್ಯೂಯಾರ್ಕ್‌ನಲ್ಲಿ ಇರುವವರಿಗೆ ಹೇಳಲಾರೆ. ಅಲ್ಲಿ ಪಕ್ಷಕ್ಕೆ ನೋಂದಾಯಿಸದವರಿಗೆ ಪಕ್ಷದ ಪ್ರೈಮರಿಯಲ್ಲಿ ವೋಟಿಲ್ಲ. ಎಷ್ಟೋ ಕ್ಷೇತ್ರಗಳು ಒಂದೇ ಪಕ್ಷಕ್ಕೆ ಗಟ್ಟಿಯಾಗಿರುವುದರಿಂದ ನಿಜವಾದ ಆಯ್ಕೆ ಪ್ರೈಮರಿಯಲ್ಲೇ ಮುಗಿದಿರುತ್ತದೆ. ಅಲ್ಲಿಗೆ ಬರುವವರು ಕಡಿಮೆ ಜನ, ಅವರಲ್ಲೂ ಕಟ್ಟಾ ಅಭಿಮಾನಿಗಳೇ ಜಾಸ್ತಿ. ಹಾಗಾಗಿ ಅಭ್ಯರ್ಥಿಗಳು ಅವರನ್ನು ಮೆಚ್ಚಿಸುವ ಮಾತನ್ನೇ ಆಡುತ್ತಾರೆ. ಯಾವ ಪಕ್ಷವೂ ಬೇಡ ಎನ್ನುವವರು ಹೆಚ್ಚುತ್ತಿದ್ದರೂ ಎರಡು ಪಕ್ಷಗಳ ನಡುವಿನ ಕಂದಕ ಅಗಲವಾಗುತ್ತಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಈ ಬಾಗಿಲು ಮುಚ್ಚಿರುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಪ್ರೈಮರಿ ನಡೆಸುವ ಖರ್ಚು ಬರುವುದು ಸಾಮಾನ್ಯವಾಗಿ ಎಲ್ಲರೂ ಕಟ್ಟುವ ತೆರಿಗೆಯಿಂದ ಅಲ್ವಾ?

ನಿಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ನೋಡಿ. 2024ರಲ್ಲಿ ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಗೆದ್ದರು. ಅದೇ ದಿನ, ಅದೇ ಮತಪತ್ರದಲ್ಲಿ, ಗವರ್ನರ್ ಸ್ಥಾನಕ್ಕೆ ಡೆಮಾಕ್ರಾಟ್ ಪಕ್ಷದ ಜಾಶ್ ಸ್ಟೈನ್ ಭಾರಿ ಅಂತರದಲ್ಲಿ ಗೆದ್ದರು. ಎದುರಾಳಿ, ರಿಪಬ್ಲಿಕನ್ ಪಕ್ಷದ ಮಾರ್ಕ್ ರಾಬಿನ್ಸನ್ ವಿವಾದಗಳಲ್ಲಿ ಮುಳುಗಿದ್ದರು, ನಿಜ. ಆದರೂ ಪಕ್ಷ ಬಿಟ್ಟು ವ್ಯಕ್ತಿ ನೋಡಿ ವೋಟು ಹಾಕುವವರು ಲಕ್ಷಗಟ್ಟಲೆ ಇದ್ದಾರೆ ಅಂತ ಅದು ತೋರಿಸಿತು.

ಪ್ರಶ್ನೆ: ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. 2024ರಲ್ಲಿ ಅಮೆರಿಕದಲ್ಲಿ ನಿರುದ್ಯೋಗ ಕಡಿಮೆ ಇತ್ತು, ಹಣದುಬ್ಬರವೂ ಇಳಿದಿತ್ತು. ಆದರೂ ಜನ ಆರ್ಥಿಕತೆ ಕೆಟ್ಟಿದೆ ಅಂತ ವೋಟು ಹಾಕಿದರು. ಯಾವ ಪಕ್ಷದವರೂ ಅಲ್ಲ ಎನ್ನುವ ಸ್ವತಂತ್ರ ಮತದಾರರು ಸುಮ್ನೆ ಸುದ್ದಿ ನಂಬಿದರಾ?

ಉತ್ತರ: ಸುಮ್ನೆ ನಂಬಿದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅವರು ನೋಡುತ್ತಿದ್ದ ಲೆಕ್ಕವೇ ಬೇರೆ.

2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಮುಟ್ಟಿತ್ತು, 1981ರ ನಂತರ ಅದೇ ಗರಿಷ್ಠ. ಒಂದೇ ವರ್ಷದಲ್ಲಿ ಅದು ಶೇ 3ಕ್ಕೆ ಇಳಿಯಿತು. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಏರುವ ವೇಗ ಇಳಿಯಿತು ಅಂತಷ್ಟೇ, ಏರಿದ ಬೆಲೆ ಕೆಳಗೆ ಬರಲಿಲ್ಲ. 2021ರ ಆರಂಭದಿಂದ 2024ರ ಚುನಾವಣೆ ಹೊತ್ತಿಗೆ ಗ್ರಾಹಕ ಬೆಲೆಗಳು ಒಟ್ಟು ಸುಮಾರು ಶೇ 20 ಏರಿದ್ದವು. ಶ್ವೇತಭವನ 3ರ ಬಗ್ಗೆ ಮಾತಾಡುತ್ತಿತ್ತು. ಅಂಗಡಿಯಲ್ಲಿ ದುಡ್ಡು ಕೊಡುವವರಿಗೆ ಕಾಣುತ್ತಿದ್ದದ್ದು 20.

ಮನೆ ಸಾಲ ಇನ್ನೂ ಮುಖ್ಯ. 2021ರ ಆರಂಭದಲ್ಲಿ 30 ವರ್ಷದ ಗೃಹಸಾಲದ ಬಡ್ಡಿ ಶೇ 3ಕ್ಕಿಂತ ಕಡಿಮೆ ಇತ್ತು. 2023ರ ಅಕ್ಟೋಬರ್‌ನಲ್ಲಿ ಶೇ 8ರ ಹತ್ತಿರ ಹೋಯಿತು. ನೀವೇ ಲೆಕ್ಕ ಹಾಕಿ: 4 ಲಕ್ಷ ಡಾಲರ್ ಸಾಲಕ್ಕೆ ಶೇ 3ರಲ್ಲಿ ತಿಂಗಳ ಕಂತು ಸುಮಾರು 1,690 ಡಾಲರ್, ಶೇ 7.5ರಲ್ಲಿ ಸುಮಾರು 2,800. ಅದೇ ಮನೆ, ಅದೇ ಸಂಬಳ, ಕಂತು ಮಾತ್ರ ಸಾವಿರಕ್ಕೂ ಹೆಚ್ಚು ಡಾಲರ್ ಜಾಸ್ತಿ. ಈ ಬಡ್ಡಿ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ಲೆಕ್ಕಕ್ಕೇ ಬರುವುದಿಲ್ಲ. ಸ್ವಂತ ಮನೆಯ ಖರ್ಚನ್ನು ಅವರು ಅಳೆಯುವುದು ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂಬ ಅಂದಾಜಿನಲ್ಲಿ. ಮೊದಲ ಮನೆ ಕೊಳ್ಳಲು ಹೊರಟ ಮೂವತ್ತರ ಹರೆಯದ ದಂಪತಿಗೆ ಅತಿ ಹೆಚ್ಚು ನೋಯುವ ಅಂಕಿಯೇ ಸರ್ಕಾರದ ಪಟ್ಟಿಯಲ್ಲಿ ಇರುವುದಿಲ್ಲ.

ಪಕ್ಷದವರ ಮನಸ್ಸು ಬೇರೆ ರೀತಿ ಕೆಲಸ ಮಾಡುತ್ತದೆ. ಮಿಷಿಗನ್ ವಿಶ್ವವಿದ್ಯಾಲಯ ಪ್ರತಿ ತಿಂಗಳೂ ಗ್ರಾಹಕರ ವಿಶ್ವಾಸದ ಸಮೀಕ್ಷೆ ಮಾಡುತ್ತದೆ. 2024ರ ನವೆಂಬರ್ ಚುನಾವಣೆ ಮುಗಿದ ಕೂಡಲೇ ಅದರಲ್ಲಿ ರಿಪಬ್ಲಿಕನ್ನರ ವಿಶ್ವಾಸ ಏರಿತು, ಡೆಮಾಕ್ರಾಟರದ್ದು ಇಳಿಯಿತು. ಟ್ರಂಪ್ ಇನ್ನೂ ಅಧಿಕಾರವನ್ನೇ ವಹಿಸಿಕೊಂಡಿರಲಿಲ್ಲ, ಒಂದು ಬೆಲೆಯೂ ಬದಲಾಗಿರಲಿಲ್ಲ. ಹೀಗೆ ಪಕ್ಷದ ಕನ್ನಡಕ ಹಾಕದವರ ಉತ್ತರ ಜೇಬಿನ ಸ್ಥಿತಿಗೆ ಹೆಚ್ಚು ಹತ್ತಿರ ಇರುತ್ತದೆ. ನನ್ನನ್ನು ಕೇಳಿದರೆ, ಅಮೆರಿಕದ ಆರ್ಥಿಕತೆಯ ಬಿಸಿ ತಿಳಿಯಲು ಇಂಥ ಸಮೀಕ್ಷೆಯಲ್ಲಿ ಸ್ವತಂತ್ರರ ಅಂಕಿಯನ್ನೇ ಮೊದಲು ಓದಬೇಕು.

ಒಂದು ಎಚ್ಚರಿಕೆ ಮಾತ್ರ ಬೇಕು. ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆಯ ಪ್ರಕಾರ 2024ರಲ್ಲಿ ಶೇ 43 ಅಮೆರಿಕನ್ನರು ತಮ್ಮನ್ನು ಸ್ವತಂತ್ರರು ಅಂತ ಕರೆದುಕೊಂಡರು. ಆದರೆ 'ಯಾವ ಕಡೆಗೆ ಸ್ವಲ್ಪ ಒಲವು?' ಅಂತ ಮತ್ತೆ ಕೇಳಿದಾಗ ಬಹುಪಾಲು ಜನ ಒಂದು ಪಕ್ಷದ ಹೆಸರು ಹೇಳಿಬಿಡುತ್ತಾರೆ. ಯಾವ ಕಡೆಗೂ ವಾಲದವರು ಹತ್ತರಲ್ಲಿ ಒಬ್ಬರ ಆಸುಪಾಸು. ಇವರು ಎರಡೂ ಕಡೆಯ ವಾದ ತೂಗಿ ನೋಡಿ ಮಧ್ಯದಲ್ಲಿ ನಿಂತವರು ಅಂತ ಟಿವಿಯಲ್ಲಿ ಹೇಳುತ್ತಾರೆ. ಬಹಳಷ್ಟು ಮಂದಿ ಹಾಗಲ್ಲ. ರಾಜಕೀಯ ಸುದ್ದಿ ನೋಡದೆ ಕೆಲಸ, ಮಕ್ಕಳು, ಬಾಡಿಗೆ ಅಂತ ಓಡಾಡುವವರು. ಸಿಟ್ಟು ಬಂದಾಗ ಅಧಿಕಾರದಲ್ಲಿ ಇರುವವರನ್ನು ಇಳಿಸುತ್ತಾರೆ. 2016, 2020, 2024, ಮೂರು ಚುನಾವಣೆಯಲ್ಲೂ ಶ್ವೇತಭವನ ಪಕ್ಷ ಬದಲಿಸಿತು. ಹೀಗೆ ಸತತ ಮೂರು ಸಲ ಆದದ್ದು 19ನೇ ಶತಮಾನದ ಕೊನೆಯ ನಂತರ ಇದೇ ಮೊದಲು.

ಸ್ವತಂತ್ರರನ್ನು ಗೆದ್ದವರೇ ಚುನಾವಣೆ ಗೆಲ್ಲುತ್ತಾರೆ ಎಂಬ ಮಾತೂ ಪೂರ್ತಿ ಸರಿಯಲ್ಲ. ಮತಗಟ್ಟೆ ಸಮೀಕ್ಷೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ 2012ರಲ್ಲಿ ಸ್ವತಂತ್ರರ ನಡುವೆ ಮುಂದಿದ್ದರು, ಸೋತರು. 2020ರಲ್ಲಿ ಡೆಮಾಕ್ರಾಟ್ ಪಕ್ಷದ ಬೈಡನ್ ಇವರಲ್ಲಿ 54–41ರಿಂದ ಮುಂದಿದ್ದರು. 2024ರಲ್ಲಿ ಅದೇ ಪಕ್ಷದ ಕಮಲಾ ಹ್ಯಾರಿಸ್ ಕೂಡ ಮುಂದಿದ್ದರು, ಆದರೆ ಬರೀ 49–46. ಅಂತರ 13ರಿಂದ 3ಕ್ಕೆ ಇಳಿಯಿತು. ಜಾರಿದ ಆ ಹತ್ತು ಅಂಶಗಳೇ ಅವರಿಗೆ ಮುಳುವಾದವು.

ಪ್ರಶ್ನೆ: ಚಿಕ್ಕಮಗಳೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಮೆರಿಕ ಕಾಫಿ ಮೇಲಿನ ಸುಂಕ ತೆಗೆಯಿತು ಅಂತ 2025ರಲ್ಲಿ ಓದಿದೆ. ಅದಕ್ಕೂ ಅಲ್ಲಿನ ಮತದಾರರಿಗೂ ಏನು ಸಂಬಂಧ?

ಉತ್ತರ: ನೇರ ಸಂಬಂಧ ಇದೆ. ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಅಮೆರಿಕ ಕಾಫಿ ಬೆಳೆಯುವುದೇ ಇಲ್ಲ ಎನ್ನಬಹುದು. ಹೀಗಾಗಿ 2025ರ ಏಪ್ರಿಲ್‌ನಲ್ಲಿ ಟ್ರಂಪ್ ಆಮದಿನ ಮೇಲೆ ಹಾಕಿದ ಸುಂಕದಿಂದ ರಕ್ಷಿಸಲು ಅಲ್ಲಿ ದೇಶಿ ಬೆಳೆಗಾರರೇ ಇರಲಿಲ್ಲ, ಹೊರೆ ಮಾತ್ರ ಬಿತ್ತು. ಬ್ರೆಜಿಲ್‌ನ ಬರವೂ ಸೇರಿ, ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಕಾಫಿ ಬೆಲೆ ಒಂದು ವರ್ಷದಲ್ಲಿ ಸುಮಾರು ಶೇ 19 ಏರಿತ್ತು. ನವೆಂಬರ್ 4ಕ್ಕೆ ವರ್ಜೀನಿಯಾದಲ್ಲಿ ಅಬಿಗೇಲ್ ಸ್ಪ್ಯಾನ್‌ಬರ್ಗರ್, ನ್ಯೂಜೆರ್ಸಿಯಲ್ಲಿ ಮಿಕಿ ಶೆರಿಲ್ ಗವರ್ನರ್ ಸ್ಥಾನ ಗೆದ್ದರು. ಇಬ್ಬರೂ ಡೆಮಾಕ್ರಾಟರು, ಇಬ್ಬರೂ ಪ್ರಚಾರದಲ್ಲಿ ಮನೆ ಖರ್ಚಿನ ಮಾತಾಡಿದವರು. ಶೆರಿಲ್ ಅವರಂತೂ ಕರೆಂಟ್ ಬಿಲ್ಲನ್ನೇ ಮುಂದಿಟ್ಟಿದ್ದರು. ಹತ್ತು ದಿನದ ನಂತರ ಟ್ರಂಪ್ ಕಾಫಿ, ಚಹಾ, ಬಾಳೆಹಣ್ಣು, ದನದ ಮಾಂಸ, ಸಾಂಬಾರ ಪದಾರ್ಥಗಳನ್ನು ಆ ಸುಂಕದಿಂದ ಹೊರಗಿಟ್ಟರು. ಆ ಫಲಿತಾಂಶದ ಬಿಸಿ ತಟ್ಟಿತು ಅಂತಲೇ ನಾನು ಓದುತ್ತೇನೆ.

ನಿಮ್ಮ ತೋಟಕ್ಕೆ ಇದರಿಂದ ಬರುವ ಲಾಭ ಸಣ್ಣದು. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದೇ ಆದರೂ, ರಫ್ತಿನ ದೊಡ್ಡ ಪಾಲು ಹೋಗುವುದು ಇಟಲಿ, ಜರ್ಮನಿಯಂಥ ಯುರೋಪಿನ ದೇಶಗಳಿಗೆ. ಬ್ರೆಜಿಲ್ ಕಾಫಿಯ ಮೇಲಿದ್ದ ಹೆಚ್ಚುವರಿ ಸುಂಕವನ್ನೂ ಒಂದೇ ವಾರದಲ್ಲಿ ತೆಗೆದರು. ಹಾಗಾಗಿ ಕಾಫಿ ಯಾವಾಗ ಮಾರಬೇಕು ಅಂತ ನೋಡುವಾಗ ವಾಷಿಂಗ್ಟನ್ ಸುದ್ದಿಗಿಂತ ಬ್ರೆಜಿಲ್‌ನ ಮಳೆ ವರದಿಗೆ, ಲಂಡನ್‌ನ ರೊಬಸ್ಟಾ ಮತ್ತು ನ್ಯೂಯಾರ್ಕ್‌ನ ಅರೇಬಿಕಾ ದರಕ್ಕೆ ಜಾಸ್ತಿ ಗಮನ ಕೊಡಿ.